ಕೊನೆಯ ಕೋಣೆಗೂ ವೈಫೈ: ಅಟ್ಟದ ಮೇಲಿನ ಹಳೆಯ ರೂಟರ್‌ಗೆ ಹೊಸ ಕೆಲಸ

ಮದ್ದೂರು, ಮಳವಳ್ಳಿ ಕಡೆಯ ರೈತರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: "ಕೊನೇ ಭಾಗಕ್ಕೆ ನೀರು ತಲುಪಲಿಲ್ಲ." ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೂ ಮೇಲಿನ ಗದ್ದೆಗಳು ತುಂಬಿದ ಮೇಲೆ ಉಳಿದದ್ದು ತಾನೆ ಕೆಳಗೆ ಹರಿಯುವುದು? ನಮ್ಮ ಮನೆಗಳ ವೈಫೈ ಕಥೆಯೂ ಹೆಚ್ಚುಕಡಿಮೆ ಹೀಗೇ ಇದೆ. ಫೈಬರ್ ತಂತಿ ಬೀದಿ ಕಡೆಯಿಂದ ಬರುತ್ತದೆ. ತಂತಿ ಎಳೆಯಲು ಬಂದವರು ಬಾಗಿಲ ಪಕ್ಕದ ಗೋಡೆಗೇ ಪೆಟ್ಟಿಗೆ ಹೊಡೆದು ಹೋಗುತ್ತಾರೆ. ಹಾಲ್‌ನಲ್ಲಿ ಕೂತು ಫೋನ್ ನೋಡುವವರಿಗೆ ಪೂರ್ತಿ ಸಿಗ್ನಲ್. ಓದುವ ಮಕ್ಕಳಿರುವ ಹಿಂದಿನ ಕೋಣೆಗೆ ಒಂದೇ ಗೆರೆ, ಅದೂ ಬಂದು ಹೋಗುತ್ತದೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಪಾಠದ ವಿಡಿಯೊ, ಹಳೆಯ ಪ್ರಶ್ನೆಪತ್ರಿಕೆ, ಸಿಇಟಿ ಮತ್ತು ನೀಟ್ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಈಗ ಆನ್‌ಲೈನ್. ಈಚಿನ ವರ್ಷಗಳಲ್ಲಿ ರಂಜಾನ್ ತಿಂಗಳು ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತಿದೆ. ಸಹರಿ ಮುಗಿಸಿ, ಫಜ್ರ್ ನಮಾಜ್ ಆದ ಮೇಲೆ ಓದಲು ಕೂರುವವರು ಹಾಲ್‌ನಲ್ಲಿ ಮಲಗಿರುವ ಅಜ್ಜ, ಅಜ್ಜಿ, ತಮ್ಮ, ತಂಗಿಯರನ್ನು ಎಬ್ಬಿಸದೆ ಹಿಂದಿನ ಕೋಣೆಯಲ್ಲೇ ಓದಬೇಕು. ಸಂಜೆ ನೆಂಟರು ಬಂದರೆ ಹಾಲ್ ಬಿಟ್ಟು ಒಳಗೆ ಹೋಗುವವರು ಸಾಮಾನ್ಯವಾಗಿ ಹೆಣ್ಣುಮಕ್ಕಳೇ. ವೈಫೈ ಹಾಲ್‌ನಲ್ಲೇ ನಿಂತರೆ ಅವರ ಓದೂ ಅಲ್ಲೇ ನಿಲ್ಲುತ್ತದೆ.

ಅಂಗಡಿಗೆ ಹೋಗಿ ಕೇಳಿದರೆ ಸಿಗ್ನಲ್ ಹೆಚ್ಚಿಸುವ ಹೊಸ ಪೆಟ್ಟಿಗೆ ತೋರಿಸುತ್ತಾರೆ. ಅದಕ್ಕೆ ಒಂದೂವರೆ ಸಾವಿರದ ಆಸುಪಾಸು ಬೇಕು. ಆದರೆ ಎಷ್ಟೋ ಮನೆಗಳ ಅಟ್ಟದ ಮೇಲೆ, ಬೀರುವಿನ ತಳದಲ್ಲಿ, ಹಳೆಯ ಚಾರ್ಜರ್‌ಗಳ ಕವರ್‌ನಲ್ಲಿ ಇದೇ ಕೆಲಸ ಮಾಡಬಲ್ಲ ಒಂದು ಪೆಟ್ಟಿಗೆ ಬಿದ್ದಿರುತ್ತದೆ. ಅದೇ ಹಳೆಯ ರೂಟರ್. ಬಿಎಸ್‌ಎನ್‌ಎಲ್ 2005ರಲ್ಲಿ ಲ್ಯಾಂಡ್‌ಲೈನ್ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡಲು ಶುರುಮಾಡಿತು. ಆಮೇಲಿನ ವರ್ಷಗಳಲ್ಲಿ ವೈಫೈ ಇರುವ ಮೋಡೆಮ್‌ಗಳು ಮನೆಮನೆಗೆ ಬಂದವು. ಫೈಬರ್ ಬಂದ ಮೇಲೆ ಅವು ಮೂಲೆ ಸೇರಿದವು. ಅವು ಕೆಟ್ಟಿದ್ದರಿಂದ ಮೂಲೆ ಸೇರಲಿಲ್ಲ, ಅವುಗಳ ಹಳೆಯ ಕೆಲಸ ಮುಗಿಯಿತು, ಅಷ್ಟೇ. ಅವಕ್ಕೆ ಹೊಸ ಕೆಲಸ ಕೊಡುವುದು ಹೇಗೆ ಎಂದು ಈ ಲೇಖನದಲ್ಲಿ ನೋಡೋಣ.

ಸಿಗ್ನಲ್ ಎಲ್ಲಿ ಕಳೆದುಹೋಗುತ್ತದೆ?

ವೈಫೈ ಎಂದರೆ ರೇಡಿಯೊ ಅಲೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6 ಸೆಂಟಿಮೀಟರ್. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ಈ ಲೆಕ್ಕ ನಿಮಗೇ ಸಿಗುತ್ತದೆ. ಎರಡರಲ್ಲಿ 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. 2.4 ನಿಧಾನ, ಆದರೆ ಗೋಡೆ ದಾಟುವುದರಲ್ಲಿ ಮೇಲು.

ದೂರ ಹೆಚ್ಚಿದಂತೆ ಅಲೆಯ ಶಕ್ತಿ ಕುಗ್ಗುತ್ತದೆ. ನಡುವೆ ಗೋಡೆ ಬಂದರೆ ಇನ್ನಷ್ಟು ಕುಗ್ಗುತ್ತದೆ. ಒಂದೂವರೆ ಅಡಿ ದಪ್ಪದ ಹಳೆಯ ಮಣ್ಣಿನ ಗೋಡೆ, ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ಚಾವಣಿ, ಕಬ್ಬಿಣದ ಬೀರು, ಫ್ರಿಜ್, ತಗಡಿನ ಶೀಟು, ನೀರಿನ ಡ್ರಮ್ಮು ಇವೆಲ್ಲ ವೈಫೈಗೆ ಅಡ್ಡಿ. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಕೆಲಸ. ಈಗಿರುವ ರೂಟರ್ ಟಿವಿಯ ಹಿಂದೆಯೋ ಬೀರುವಿನ ಪಕ್ಕದಲ್ಲೋ ಇದ್ದರೆ ಅದನ್ನು ಎತ್ತರದ, ತೆರೆದ ಜಾಗಕ್ಕೆ ಸರಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಸಮಸ್ಯೆ ಮುಗಿಯುತ್ತದೆ. ಮುಗಿಯದಿದ್ದರೆ ಅಟ್ಟ ಹತ್ತಿ.

ಒಂದು ಪೆಟ್ಟಿಗೆ, ನಾಲ್ಕು ಕೆಲಸ

ನಾವು ರೂಟರ್ ಎಂದು ಕರೆಯುವ ಪೆಟ್ಟಿಗೆಯೊಳಗೆ ನಿಜವಾಗಿ ನಾಲ್ಕು ಉಪಕರಣಗಳಿರುತ್ತವೆ. ಒಂದು, ಹೊರಗಿನ ತಂತಿಯ ಭಾಷೆಯನ್ನು ಮನೆಯ ಭಾಷೆಗೆ ತಿರುಗಿಸುವ ಮೋಡೆಮ್. ಎರಡು, ಮನೆಯ ಜಾಲಕ್ಕೂ ಹೊರಗಿನ ಇಂಟರ್‌ನೆಟ್‌ಗೂ ನಡುವೆ ದಾರಿ ತೋರಿಸುವ ರೂಟರ್. ಮೂರು, ಹಿಂಭಾಗದ ತೂತುಗಳಿಗೆ ಚುಚ್ಚಿದ ತಂತಿಗಳನ್ನು ಒಂದಕ್ಕೊಂದು ಸೇರಿಸುವ ಸ್ವಿಚ್. ನಾಲ್ಕು, ತಂತಿಯಲ್ಲಿ ಬಂದದ್ದನ್ನು ಅಲೆಯಾಗಿ ಹರಡುವ ಆಕ್ಸೆಸ್ ಪಾಯಿಂಟ್.

ಹಿಂದಿನ ಕೋಣೆಗೆ ಬೇಕಾಗಿರುವುದು ಕೊನೆಯ ಎರಡು ಮಾತ್ರ. ಮೋಡೆಮ್ ಮತ್ತು ರೂಟರ್ ಕೆಲಸವನ್ನು ಹಾಲ್‌ನ ಹೊಸ ಪೆಟ್ಟಿಗೆ ಆಗಲೇ ಮಾಡುತ್ತಿದೆ. ಹಳೆಯದು ಅದೇ ಕೆಲಸಕ್ಕೆ ಕೈಹಾಕದಂತೆ ನೋಡಿಕೊಂಡರೆ ಸಾಕು. ಇಡೀ ವಿದ್ಯೆ ಇರುವುದು ಇಷ್ಟರಲ್ಲೇ.

ಇದರಲ್ಲಿ ಮುಖ್ಯವಾದದ್ದು ಡಿಎಚ್‌ಸಿಪಿ. ಮನೆಯೊಳಗೆ ಬರುವ ಪ್ರತಿ ಫೋನು, ಲ್ಯಾಪ್‌ಟಾಪ್‌ಗೂ ಒಂದೊಂದು ಐಪಿ ವಿಳಾಸ ಬೇಕು. ಅದನ್ನು ಹಂಚುವವನೇ ಡಿಎಚ್‌ಸಿಪಿ ಸರ್ವರ್. ನಮ್ಮ ಊರುಗಳ ನೀರುಗಂಟಿಯನ್ನು ನೆನೆಸಿಕೊಳ್ಳಿ. ಯಾರ ಗದ್ದೆಗೆ ಯಾವಾಗ ನೀರು ಎಂದು ಒಬ್ಬ ನೀರುಗಂಟಿ ಹೇಳಿದರೆ ವ್ಯವಸ್ಥೆ ನಡೆಯುತ್ತದೆ. ಒಂದೇ ಕಾಲುವೆಗೆ ಇಬ್ಬರು ನೀರುಗಂಟಿಗಳು ನಿಂತು ಬೇರೆ ಬೇರೆ ಸರದಿ ಹೇಳಿದರೆ ಜಗಳ ಗ್ಯಾರಂಟಿ. ಒಂದೇ ಮನೆಯಲ್ಲಿ ಎರಡು ಡಿಎಚ್‌ಸಿಪಿ ಸರ್ವರ್ ಇದ್ದರೆ ಆಗುವುದೂ ಇದೇ. ಎರಡು ಫೋನಿಗೆ ಒಂದೇ ವಿಳಾಸ ಸಿಗಬಹುದು. ಇಲ್ಲವೇ ಹಳೆಯ ಪೆಟ್ಟಿಗೆ "ಇಂಟರ್‌ನೆಟ್‌ಗೆ ದಾರಿ ನನ್ನಲ್ಲೇ" ಎಂದು ಫೋನಿಗೆ ಹೇಳಬಹುದು. ಅದರ ಹಿಂದೆ ದಾರಿಯೇ ಇಲ್ಲ. ಆಗ ವೈಫೈ ಗುರುತು ಪೂರ್ತಿ ಕಾಣುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ. ಆದ್ದರಿಂದ ಹಳೆಯ ರೂಟರ್‌ನಲ್ಲಿ ಡಿಎಚ್‌ಸಿಪಿ ಆರಿಸಲೇಬೇಕು.

ಏನೇನು ಬೇಕು?

ಹಳೆಯ ರೂಟರ್, ಅದರದೇ ಅಡಾಪ್ಟರ್, ಒಂದು ನೆಟ್‌ವರ್ಕ್ ಕೇಬಲ್, ಒಂದು ಲ್ಯಾಪ್‌ಟಾಪ್ ಅಥವಾ ಫೋನ್.

ಅಡಾಪ್ಟರ್ ವಿಷಯದಲ್ಲಿ ಎಚ್ಚರ. ಕೆಲವು ರೂಟರ್‌ಗೆ 9 ವೋಲ್ಟ್, ಕೆಲವಕ್ಕೆ 12 ವೋಲ್ಟ್ ಬೇಕು. ಪಿನ್ನು ಒಂದೇ ಥರ ಇರುತ್ತದೆ. 9 ವೋಲ್ಟ್ ಬೇಕಾದ್ದಕ್ಕೆ 12 ವೋಲ್ಟ್ ಚುಚ್ಚಿದರೆ ಸುಟ್ಟುಹೋಗಬಹುದು. ಪೆಟ್ಟಿಗೆಯ ತಳದ ಚೀಟಿಯಲ್ಲಿರುವ ವೋಲ್ಟೇಜ್ ಮತ್ತು ಅಡಾಪ್ಟರ್ ಮೇಲಿರುವ ವೋಲ್ಟೇಜ್ ಒಂದೇ ಇರಬೇಕು. ಆಂಪಿಯರ್ ಬೇಕಾದಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ಕೇಬಲ್‌ಗೆ ಅಂಗಡಿಯಲ್ಲಿ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಳಿ. ಒಳಗಿನ ತಂತಿ ತಾಮ್ರದ್ದೇ ಆಗಿರಲಿ. ಈ ಕೇಬಲ್‌ನಲ್ಲಿ 100 ಮೀಟರ್‌ವರೆಗೆ ಸಿಗ್ನಲ್ ಸರಿಯಾಗಿ ಹೋಗುತ್ತದೆ. ಯಾವ ಮನೆಗೂ ಅಷ್ಟು ಬೇಕಾಗುವುದಿಲ್ಲ. ಹಾಲ್‌ನಿಂದ ಹಿಂದಿನ ಕೋಣೆಗೆ ಗೋಡೆಯ ಅಂಚಿನಲ್ಲಿ ಎಷ್ಟು ದೂರ ಆಗುತ್ತದೆ ಎಂದು ದಾರ ಹಿಡಿದು ಅಳೆದು, ಎರಡು ಮೀಟರ್ ಹೆಚ್ಚಿಗೆ ತನ್ನಿ. ಎರಡು ತುದಿಗೂ ಆರ್‌ಜೆ45 ಪಿನ್ನನ್ನು ಅಂಗಡಿಯಲ್ಲೇ ಹಾಕಿಸಿಕೊಳ್ಳಿ.

ಮಾಡುವ ಕ್ರಮ

ಈ ಕೆಲಸಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಮಧ್ಯದಲ್ಲಿ ರೂಟರ್ ಒಳಗೆ ಹೋಗಲು ದಾರಿ ಸಿಗದೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

1. ಮೊದಲು ಮುಖ್ಯ ರೂಟರ್‌ನ ವಿಳಾಸ ತಿಳಿದುಕೊಳ್ಳಿ. ಫೋನನ್ನು ಮನೆಯ ವೈಫೈಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಆ ವೈಫೈನ ವಿವರ ತೆರೆಯಿರಿ. 'ಗೇಟ್‌ವೇ' ಅಥವಾ 'ರೂಟರ್' ಎಂಬಲ್ಲಿ 192.168.1.1 ಥರದ ಸಂಖ್ಯೆ ಕಾಣುತ್ತದೆ. ಬರೆದಿಟ್ಟುಕೊಳ್ಳಿ.

2. ಹಳೆಯ ರೂಟರ್‌ಗೆ ಕರೆಂಟ್ ಕೊಡಿ. ಮುಖ್ಯ ರೂಟರ್‌ಗೆ ಇನ್ನೂ ಜೋಡಿಸಬೇಡಿ. ಹಿಂಭಾಗದ ಸಣ್ಣ ತೂತಿನಲ್ಲಿ ಪಿನ್ನು ಹಾಕಿ ರೀಸೆಟ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ದೀಪಗಳು ಒಮ್ಮೆ ಆರಿ ಹತ್ತಿದರೆ ಹಳೆಯ ಸೆಟ್ಟಿಂಗ್ ಎಲ್ಲ ಅಳಿದಂತೆ.

3. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಹಳೆಯ ರೂಟರ್‌ನ ಲ್ಯಾನ್ ತೂತಿಗೆ ಸೇರಿಸಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನನ್ನು ಅದರ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆರಿಸಿ. ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ಬರೆದು, ಅಲ್ಲೇ ಕೊಟ್ಟಿರುವ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ.

4. ಮೊದಲು ರೂಟರ್ ಒಳಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಯಾಕೆಂದು ಮುಂದೆ ಹೇಳುತ್ತೇನೆ.

5. ವೈಫೈ ಪುಟಕ್ಕೆ ಹೋಗಿ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಮೊದಲ ವಾರ ಬೇರೆ ಹೆಸರಿಡಿ, ಉದಾಹರಣೆಗೆ ಕೊನೆಗೆ 2 ಸೇರಿಸಿ. ಯಾವ ಪೆಟ್ಟಿಗೆಗೆ ಸೇರಿದ್ದೀರಿ ಎಂದು ಗೊತ್ತಾಗುತ್ತದೆ. ಎಲ್ಲ ಸರಿಯಿದೆ ಎನಿಸಿದ ಮೇಲೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಫೋನ್ ತಾನೇ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಭದ್ರತೆಯಲ್ಲಿ ಡಬ್ಲ್ಯುಪಿಎ2 ಮತ್ತು ಎಇಎಸ್ ಆರಿಸಿ.

6. ಅದೇ ಪುಟದಲ್ಲಿ ಚಾನೆಲ್ ಆರಿಸಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಮುಖ್ಯ ರೂಟರ್ 1ರಲ್ಲಿದ್ದರೆ ಹಳೆಯದನ್ನು 6ಕ್ಕೋ 11ಕ್ಕೋ ಹಾಕಿ.

7. ಈಗ ಲ್ಯಾನ್ ಪುಟಕ್ಕೆ ಹೋಗಿ ಹಳೆಯ ರೂಟರ್‌ನ ವಿಳಾಸ ಬದಲಿಸಿ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.250 ಕೊಡಿ. ಮೊದಲ ಮೂರು ಭಾಗ ಒಂದೇ ಇರಬೇಕು, ಕೊನೆಯದು ಬೇರೆ ಇರಬೇಕು. ಮುಖ್ಯ ರೂಟರ್ ಹಂಚುವ ವಿಳಾಸಗಳ ಪಟ್ಟಿಯಲ್ಲಿ 250 ಇದ್ದರೆ, ಆ ಪಟ್ಟಿಯನ್ನು 200ಕ್ಕೆ ನಿಲ್ಲಿಸಿ. ಉಳಿಸಿದ ಮೇಲೆ ಹಳೆಯ ವಿಳಾಸದ ಪುಟ ಕೆಲಸ ಮಾಡುವುದಿಲ್ಲ. ಕೇಬಲ್ ಬಿಚ್ಚಿ ಮತ್ತೆ ಹಾಕಿ, ಹೊಸ ವಿಳಾಸದಲ್ಲಿ ಒಳಗೆ ಹೋಗಿ.

8. ಕೊನೆಯದಾಗಿ ಡಿಎಚ್‌ಸಿಪಿ ಸರ್ವರ್ ಎಂಬಲ್ಲಿ 'ಡಿಸೇಬಲ್' ಒತ್ತಿ ಉಳಿಸಿ. ಈ ಕ್ಷಣದಿಂದ ಹಳೆಯ ರೂಟರ್ ಯಾರಿಗೂ ವಿಳಾಸ ಕೊಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿಗೂ ಕೊಡುವುದಿಲ್ಲ. ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು.

9. ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಒಯ್ದು, ಮುಖ್ಯ ರೂಟರ್‌ನ ಲ್ಯಾನ್ ತೂತಿನಿಂದ ಬಂದ ಕೇಬಲನ್ನು ಹಳೆಯದರ ಲ್ಯಾನ್ ತೂತಿಗೇ ಚುಚ್ಚಿ. ವ್ಯಾನ್ ಎಂದು ಬರೆದ, ಬಣ್ಣ ಬೇರೆ ಇರುವ ತೂತಿಗೆ ಬೇಡ. ಲ್ಯಾಂಡ್‌ಲೈನ್ ಕಾಲದ ಮೋಡೆಮ್‌ನಲ್ಲಿ ವ್ಯಾನ್ ತೂತು ಇರುವುದೇ ಕಡಿಮೆ, ಟೆಲಿಫೋನ್ ತಂತಿಯ ಸಣ್ಣ ತೂತು ಇರುತ್ತದೆ. ಅದನ್ನು ಖಾಲಿ ಬಿಡಿ.

ಈಗ ಫೋನನ್ನು ಹೊಸ ಹೆಸರಿನ ವೈಫೈಗೆ ಸೇರಿಸಿ ವಿವರ ನೋಡಿ. ಗೇಟ್‌ವೇ ಎಂಬಲ್ಲಿ ಮುಖ್ಯ ರೂಟರ್‌ನ ವಿಳಾಸವೇ ಕಂಡರೆ ಕೆಲಸ ಸರಿಯಾಗಿದೆ. 192.168.1.250 ಕಂಡರೆ ಡಿಎಚ್‌ಸಿಪಿ ಇನ್ನೂ ಆರಿಲ್ಲ ಎಂದರ್ಥ.

ಸ್ವಲ್ಪ ಈಚಿನ ರೂಟರ್ ಆಗಿದ್ದರೆ 'ಆಪರೇಷನ್ ಮೋಡ್' ಎಂಬ ಪುಟದಲ್ಲಿ 'ಆಕ್ಸೆಸ್ ಪಾಯಿಂಟ್' ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಏಳು ಮತ್ತು ಎಂಟನೇ ಹೆಜ್ಜೆಗಳನ್ನು ಅದೇ ಮಾಡಿಕೊಳ್ಳುತ್ತದೆ.

ಕೇಬಲ್ ಎಳೆಯಲು ಆಗದಿದ್ದರೆ?

ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಎನ್ನುವವರು ರೂಟರ್‌ನಲ್ಲಿ 'ರಿಪೀಟರ್' ಅಥವಾ 'ಡಬ್ಲ್ಯುಡಿಎಸ್' ಆಯ್ಕೆ ಇದೆಯೇ ನೋಡಿ. ಆಗ ಅದು ಗಾಳಿಯಲ್ಲಿ ಬಂದ ಸಿಗ್ನಲ್ ಹಿಡಿದು ಮತ್ತೆ ಗಾಳಿಗೇ ಬಿಡುತ್ತದೆ. ಒಂದೇ ರೇಡಿಯೊ ಕೇಳಬೇಕು, ಅದನ್ನೇ ಮತ್ತೆ ಹೇಳಬೇಕು. ಹೀಗಾಗಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪೆಟ್ಟಿಗೆಯನ್ನು ಸಿಗ್ನಲ್ ಇಲ್ಲದ ಕೋಣೆಯಲ್ಲಿಟ್ಟರೆ ಪ್ರಯೋಜನವಿಲ್ಲ, ಅದಕ್ಕೇ ಸಿಗದಿದ್ದನ್ನು ಅದು ಹಂಚುವುದು ಹೇಗೆ? ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುಮನೆಯಲ್ಲಿಡಿ.

ವೇಗ ಎಷ್ಟು ಸಿಗುತ್ತದೆ, ಖರ್ಚು ಎಷ್ಟು?

ಹಳೆಯ ಪೆಟ್ಟಿಗೆಯಿಂದ ಪವಾಡ ನಿರೀಕ್ಷಿಸಬೇಡಿ. ಡಬ್ಬದ ಮೇಲೆ 150 ಅಥವಾ 300 ಎಂಬಿಪಿಎಸ್ ಎಂದು ಬರೆದಿದ್ದರೂ ನಿಜವಾಗಿ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ಅದರ ತಂತಿಯ ತೂತುಗಳೂ ಸಾಮಾನ್ಯವಾಗಿ 100 ಎಂಬಿಪಿಎಸ್‌ಗೆ ನಿಲ್ಲುತ್ತವೆ. ಆದರೆ ಒಂದು ಪಾಠದ ವಿಡಿಯೊ ತಡೆಯಿಲ್ಲದೆ ನೋಡಲು ನಾಲ್ಕೈದು ಎಂಬಿಪಿಎಸ್ ಸಾಕು. ಓದಿಗೆ ಬೇಕಾದ್ದು ಮಿಂಚಿನ ವೇಗವಲ್ಲ, ಮಧ್ಯದಲ್ಲಿ ಕಡಿದುಹೋಗದ ಸಂಪರ್ಕ.

ಕರೆಂಟ್ ಬಿಲ್ ಜಾಸ್ತಿಯಾಗುತ್ತದೆ ಎಂದು ಮನೆಯವರು ಕೇಳಬಹುದು. ಲೆಕ್ಕ ಮಾಡಿ ತೋರಿಸಿ. ಇಂಥ ರೂಟರ್ ಸುಮಾರು 5 ವ್ಯಾಟ್ ಬಳಸುತ್ತದೆ. ದಿನದ 24 ಗಂಟೆ, 30 ದಿನ ಉರಿದರೂ 3.6 ಯೂನಿಟ್. ಮಲಗುವಾಗ ಆರಿಸಿದರೆ ಇನ್ನೂ ಕಡಿಮೆ. ಒಂದು ವಿಷಯ ನೆನಪಿರಲಿ: ಕರೆಂಟ್ ಹೋದಾಗ ಯುಪಿಎಸ್ ಆಧಾರ ಎರಡು ಪೆಟ್ಟಿಗೆಗೂ ಬೇಕು. ಹಾಲ್‌ನದು ಆರಿದರೆ ಹಿಂದಿನದು ಉರಿಯುತ್ತಿದ್ದರೂ ಇಂಟರ್‌ನೆಟ್ ಇರುವುದಿಲ್ಲ.

ಬೀಗ ಹಾಕದ ಪೆಟ್ಟಿಗೆ

ಈ ಲೇಖನದಲ್ಲಿ ಒಂದೇ ಭಾಗ ಓದುವವರಿದ್ದರೆ ಇದನ್ನು ಓದಿ. 2017ರ ಜುಲೈನಲ್ಲಿ ಕರ್ನಾಟಕವೂ ಸೇರಿದಂತೆ ಹಲವೆಡೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆಯಿತು. ಸಿಕ್ಕಿಬಿದ್ದವು ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಬದಲಿಸದ ಮೋಡೆಮ್‌ಗಳು. ಪಾಸ್‌ವರ್ಡ್ ಕೂಡಲೇ ಬದಲಿಸಿ ಎಂದು ಗ್ರಾಹಕರಿಗೆ ಸೂಚನೆ ಕೊಡಬೇಕಾಯಿತು. ಅದರ ಹಿಂದಿನ ವರ್ಷ, 2016ರಲ್ಲಿ, ಮಿರಾಯ್ ಎಂಬ ಮಾಲ್‌ವೇರ್ ಇದೇ ರೀತಿ ಹಳೆಯ ಪಾಸ್‌ವರ್ಡ್ ಉಳಿದಿದ್ದ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡು ಅಮೆರಿಕದಲ್ಲಿ ಹಲವು ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸ್ಥಗಿತವಾಗುವಂತೆ ಮಾಡಿತ್ತು. ಬೀಗ ಹಾಕದ ಒಂದು ಮನೆಯ ಪೆಟ್ಟಿಗೆ ಊರಿಗೆಲ್ಲ ತೊಂದರೆ ಕೊಡಬಲ್ಲದು.

ನಾವು ಅಟ್ಟದಿಂದ ಇಳಿಸುತ್ತಿರುವುದು ಅದೇ ಕಾಲದ ಪೆಟ್ಟಿಗೆ. ಅದನ್ನು ಆಕ್ಸೆಸ್ ಪಾಯಿಂಟ್ ಆಗಿ ಮುಖ್ಯ ರೂಟರ್‌ನ ಹಿಂದೆ ಇಟ್ಟಾಗ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈ ಪಾಸ್‌ವರ್ಡ್ ಕನಿಷ್ಠ 12 ಅಕ್ಷರ ಇರಲಿ, ಫೋನ್ ನಂಬರ್ ಇಡಬೇಡಿ. ಗುಂಡಿ ಒತ್ತಿದರೆ ಸಂಪರ್ಕ ಕೊಡುವ ಡಬ್ಲ್ಯುಪಿಎಸ್ ಆರಿಸಿ. ಹೊರಗಿನಿಂದ ನಿರ್ವಹಿಸುವ 'ರಿಮೋಟ್ ಮ್ಯಾನೇಜ್‌ಮೆಂಟ್' ಆರಿಸಿ. ಕಂಪನಿಯ ಜಾಲತಾಣದಲ್ಲಿ ಆ ಮಾದರಿಗೆ ಹೊಸ ತಂತ್ರಾಂಶ ಇದ್ದರೆ ಹಾಕಿಕೊಳ್ಳಿ.

ಡಬ್ಲ್ಯುಇಪಿ ಎಂಬ ಭದ್ರತೆ ಬಿಟ್ಟು ಬೇರೇನೂ ಇಲ್ಲದಷ್ಟು ಹಳೆಯ ಪೆಟ್ಟಿಗೆಯಾದರೆ ಅದರ ವೈಫೈ ಬಳಸಲೇಬೇಡಿ. ಆ ಬೀಗ 2001ರಲ್ಲೇ ಮುರಿದಿದೆ. ಅಂಥದ್ದನ್ನು ವೈಫೈ ಆರಿಸಿ ಬರೀ ಸ್ವಿಚ್ ಆಗಿ, ತಂತಿಯಲ್ಲಿ ಕಂಪ್ಯೂಟರ್ ಸೇರಿಸಲು ಬಳಸಬಹುದು.

ಕಲಿಯಲು ಇನ್ನೂ ಇದೆ

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇದು ನೆಟ್‌ವರ್ಕ್ ಪಾಠವನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ. ಇನ್ನೂ ಮುಂದೆ ಹೋಗಬೇಕೆಂದವರು ಓಪನ್‌ಡಬ್ಲ್ಯುಆರ್‌ಟಿ ಬಗ್ಗೆ ಓದಿ. ಲಿಂಕ್ಸಿಸ್ ಕಂಪನಿಯ ಒಂದು ರೂಟರ್‌ನೊಳಗೆ ಲಿನಕ್ಸ್ ಇದ್ದದ್ದು ಗೊತ್ತಾಗಿ, 2003ರಲ್ಲಿ ಅದರ ಮೂಲಸಂಕೇತವನ್ನು ಕಂಪನಿ ಹೊರಗೆ ಬಿಡಬೇಕಾಯಿತು. ಅದರ ಮೇಲೆ 2004ರಲ್ಲಿ ಶುರುವಾದ ಈ ಮುಕ್ತ ತಂತ್ರಾಂಶ ಇಂದು ನೂರಾರು ಮಾದರಿಯ ಹಳೆಯ ರೂಟರ್‌ಗಳಿಗೆ ಹೊಸ ಜೀವ ಕೊಟ್ಟಿದೆ. ನಮ್ಮ ರಾಜ್ಯದಲ್ಲೇ, ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಬೆಂಗಳೂರಿನ ಜನಸ್ತು ಸಂಸ್ಥೆಯವರು ಹಳ್ಳಿಯವರೊಂದಿಗೆ ಸೇರಿ, ಸಣ್ಣ ವೈಫೈ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ಊರಿನವರದ್ದೇ ಆದ ಜಾಲ ಕಟ್ಟಿದ್ದಾರೆ.

ಪಕ್ಕದ ಮನೆಗೂ ಹೀಗೆ ಕೇಬಲ್ ಎಳೆಯೋಣ ಎಂದು ಆಸೆಯಾಗಬಹುದು. ಎರಡು ಕಾರಣಕ್ಕೆ ತಡೆಯಿರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ತೂಗುವ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಮನೆಯೊಳಗೆ ತರಬಹುದು. ಅಲ್ಲದೆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅದರಲ್ಲಿ ನಡೆದದ್ದಕ್ಕೆಲ್ಲ ಅವರೇ ಉತ್ತರ ಹೇಳಬೇಕಾಗುತ್ತದೆ.

ಕೆಟ್ಟೇ ಹೋಗಿದ್ದರೆ?

ಕರೆಂಟ್ ಕೊಟ್ಟರೂ ದೀಪ ಹತ್ತದಿದ್ದರೆ, ಅಡಾಪ್ಟರ್ ಬದಲಿಸಿದರೂ ಏಳದಿದ್ದರೆ, ಅದನ್ನು ಕಸದ ಗಾಡಿಗೆ ಹಾಕಬೇಡಿ, ಹಿತ್ತಲಲ್ಲಿ ಸುಡಬೇಡಿ. ಒಳಗಿನ ಬೋರ್ಡಿನಲ್ಲಿ ತಾಮ್ರ ಇದೆ, ಹಳೆಯವುಗಳ ಬೆಸುಗೆಯಲ್ಲಿ ಸೀಸವೂ ಇರಬಹುದು. ಸುಟ್ಟ ಪ್ಲಾಸ್ಟಿಕ್ ಹೊಗೆಯಂತೂ ವಿಷ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿದ್ದಿತು ಎಂದೂ ಅದರಲ್ಲಿ ಸರಿಯಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ ಎಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡುವುದೇ ಸರಿ. ಕೊಡುವ ಮುಂಚೆ ಸಾಧ್ಯವಾದರೆ ರೀಸೆಟ್ ಮಾಡಿ, ನಿಮ್ಮ ಪಾಸ್‌ವರ್ಡ್ ಅದರೊಂದಿಗೆ ಹೋಗದಿರಲಿ.

ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಮಕ್ಕಳಿಗೆ ಹೇಳಿಕೊಡುವ ಮನೆಗಳು ನಮ್ಮವು. ಇಸ್ರಾಫ್, ಅಂದರೆ ದುಂದು, ಊಟದ ತಟ್ಟೆಗೆ ಮಾತ್ರ ಸಂಬಂಧಿಸಿದ್ದಲ್ಲ. ಕೆಲಸ ಮಾಡಬಲ್ಲ ವಸ್ತುವನ್ನು ಮೂಲೆಗೆ ಎಸೆದು ಅದೇ ಕೆಲಸಕ್ಕೆ ಹೊಸದನ್ನು ಕೊಳ್ಳುವುದೂ ದುಂದೇ.

ಈ ಭಾನುವಾರ ಅಟ್ಟ ಹುಡುಕಿ. ಪೆಟ್ಟಿಗೆ ಸಿಕ್ಕರೆ ತಳದ ಚೀಟಿಯ ಫೋಟೊ ತೆಗೆದುಕೊಂಡು, ಮನೆಯ ಕೋಣೆಗಳ ಒಂದು ಸಣ್ಣ ನಕ್ಷೆ ಬರೆದುಕೊಂಡು ಕಂಪ್ಯೂಟರ್ ಲ್ಯಾಬ್‌ಗೆ ಬನ್ನಿ. ಯಾವ ತೂತಿಗೆ ಯಾವ ತಂತಿ ಎಂದು ಕೂತು ನೋಡೋಣ.